ಸಾಲಿನಲ್ಲಿ ಬನ್ನಿ

ನಮ್ಮ ಊರಿನಲ್ಲಿ ಮನೆ ಮುಂದಿನ ಹುಲ್ಲಿನಲ್ಲಿ ತಮ್ಮ ಅಭಿಪ್ರಾಯ ಬರೆದ ಬೋರ್ಡು ನೆಡುವವರು ನಾಲ್ಕು ಸಲ ಯೋಚಿಸುತ್ತಾರೆ. ಈ ದೇಶದ ಬೇರೆ ಊರುಗಳಲ್ಲಿ ಚುನಾವಣೆ ಬಂದಾಗ ಬೋರ್ಡು ನೆಟ್ಟು, ಮುಗಿದ ಮರುವಾರ ಕಿತ್ತು ಗ್ಯಾರೇಜಿನಲ್ಲಿ ಎಸೆಯುತ್ತಾರೆ. ಇಲ್ಲಿ ನೆಟ್ಟ ಮೂರನೆಯ ದಿನಕ್ಕೆ ಬೋರ್ಡಿನ ಕಾಲು ಬೇರು ಬಿಡುತ್ತದೆ. ಆಮೇಲೆ ಕೀಳಲಾಗುವುದಿಲ್ಲ. ಗರಗಸ ಹಾಕಿದರೆ ಗರಗಸದ ಹಲ್ಲು ಹೋಗುತ್ತದೆ. ನೆಟ್ಟವರ ಮನಸ್ಸು ನಿಜವಾಗಿ ಬದಲಾದ ದಿನ ಅದು ತಾನಾಗಿಯೇ ಮಗುಚಿ ಬೀಳುತ್ತದೆ. ಸತ್ತವರ ಮನಸ್ಸು ಬದಲಾಗುವುದಿಲ್ಲವಾದ್ದರಿಂದ ಅವರ ಬೋರ್ಡುಗಳು ಹಾಗೇ ಉಳಿಯುತ್ತವೆ. ಮನೆ ಕೊಳ್ಳುವವರು ಅಡುಗೆಮನೆ ನೋಡುವ ಮೊದಲು ಹುಲ್ಲು ನೋಡುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹುಲ್ಲು ಕತ್ತರಿಸುವ ಯಂತ್ರವನ್ನು ಬೋರ್ಡಿನ ಸುತ್ತ ಬಳಸಿಕೊಂಡು ಹೋಗುತ್ತಾರೆ. ಕೆಲವರು ಅದಕ್ಕೆ ಹಕ್ಕಿಗಳ ಕಾಳಿನ ಡಬ್ಬಿ ನೇತುಹಾಕಿದ್ದಾರೆ. ನಮ್ಮ ಬೀದಿಯ ಕ್ಷೌರಿಕ ವೆಂಡೆಲ್‌ನ ಬೋರ್ಡು ಒಂದು ಮಂಗಳವಾರ ಬೆಳಿಗ್ಗೆ ಬಿದ್ದಿತ್ತು. ಅವನು ಯಾರಿಗೂ ಏನೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ತಿಳಿಯಿತು. ಇಪ್ಪತ್ತು ವರ್ಷದಿಂದ ಅವನ ಕುರ್ಚಿಯಲ್ಲಿ ಕೂತವರು ಪಕ್ಕದ ಊರಿಗೆ ಹೋಗಿ ಕೂದಲು ಕತ್ತರಿಸಿಕೊಳ್ಳತೊಡಗಿದರು. ಕೋರ್ಟಿನಲ್ಲೂ ಹಾಗೆಯೇ. ಸಾಕ್ಷಿ ಹೇಳುವವರಿಂದ ಪ್ರಮಾಣ ಮಾಡಿಸುತ್ತಾರೆ, ಆದರೆ ನಂಬುವ ಮೊದಲು ಒಬ್ಬರನ್ನು ಅವರ ಮನೆಗೆ ಕಳಿಸಿ ಹುಲ್ಲು ನೋಡಿಸುತ್ತಾರೆ.

ನಾವು ಬಂದು ಒಂಬತ್ತು ವರ್ಷವಾಗಿತ್ತು. ನನ್ನ ಗಂಡ ರಘುವೀರ ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಊರಿನ ವಾರಪತ್ರಿಕೆಯಲ್ಲಿ ಅರ್ಧ ದಿನದ ಕೆಲಸಕ್ಕಿದ್ದೆ. ಮದುವೆ, ಸಾವು, ಕಳೆದುಹೋದ ನಾಯಿಗಳ ಸುದ್ದಿ ಟೈಪ್ ಮಾಡುವುದು. ಇಲ್ಲಿ ಕಾಯಂ ಆಗಿ ಇರುವ ಪರವಾನಗಿಗೆ ಅರ್ಜಿ ಹಾಕಿ ನಾವೂ ಸಾಲಿನಲ್ಲಿದ್ದೆವು. ವರ್ಷಕ್ಕೊಮ್ಮೆ ಒಂದು ಕಾಗದ ಬರುತ್ತಿತ್ತು, ಇನ್ನೂ ಕಾಯಿರಿ ಎಂದು. ಮನೆ ಹಿಡಿದ ಮೊದಲ ದಿನವೇ ರಘು ಹೇಳಿದ್ದ, "ನೋಡು ಮಂದಾ, ಈ ಹುಲ್ಲಲ್ಲಿ ಹೂವಿನ ಗಿಡ ಬೇಕಾದ್ರೆ ಹಾಕು. ಬೇರೇನೂ ಬೇಡ. ನಮ್ಮ ಸ್ಕೂಲಿನ ಫುಟ್‌ಬಾಲ್ ಟೀಮಿನ ಬೋರ್ಡೂ ಬೇಡ." ಹೀಗಾಗಿ ನಮ್ಮ ಮುಂದಿನ ಹುಲ್ಲು ಯಾವಾಗಲೂ ಚೊಕ್ಕವಾಗಿ, ಬೋಳಾಗಿ ಇರುತ್ತಿತ್ತು.

ಊರಿನಲ್ಲಿ ಕನ್ನಡ ಮಾತಾಡುವ ಮನೆ ಇನ್ನೊಂದೇ ಇದ್ದದ್ದು. ಡಾಕ್ಟರ್ ಚನ್ನವೀರ ಹಂಚಿನಮನಿ. ದನದ ಡಾಕ್ಟರು. ಧಾರವಾಡದ ಕಡೆಯವರು, ಮೂವತ್ತೊಂದು ವರ್ಷದಿಂದ ಈ ಊರಿನ ಸುತ್ತಮುತ್ತಲ ಡೈರಿಗಳ ಹಸುಗಳೆಲ್ಲ ಅವರ ಕೈಯಲ್ಲೇ ಕರು ಹಾಕಿದ್ದವು. ಎಪ್ಪತ್ತನಾಲ್ಕಾಗಿತ್ತು, ಬೆನ್ನು ಬಾಗಿರಲಿಲ್ಲ. ನಮ್ಮ ಪತ್ರಿಕೆಗೆ ಅವರು ಪ್ರತಿ ವಾರ 'ಕೊಟ್ಟಿಗೆಯಿಂದ' ಎಂಬ ಅಂಕಣ ಬರೆಯುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಬರೆಯುವುದು ನಿಂತು ಹೇಳುವುದು ಶುರುವಾಯಿತು. ಗುರುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋಗುತ್ತಿದ್ದೆ. ಅವರು ಧಾರವಾಡದ ಕನ್ನಡದಲ್ಲಿ ಹೇಳುತ್ತಾ ಹೋಗುವರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವೆ. ಕೊನೆಗೆ ಓದಿಸಿಕೊಂಡು ಅಲ್ಲೊಂದು ಇಲ್ಲೊಂದು ಪದ ತಿದ್ದುವರು.

ಆ ಅಂಕಣವನ್ನು ಊರಿನ ಅರ್ಧ ಜನ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದರು, ಇನ್ನರ್ಧ ಜನ ಓದಿ ಸಂಪಾದಕರಿಗೆ ಕೋಪದ ಕಾಗದ ಬರೆಯುತ್ತಿದ್ದರು. ಡಾಕ್ಟರ ಅಭಿಪ್ರಾಯಗಳು ಗಟ್ಟಿ. ಸರ್ಕಾರ ರಸ್ತೆ ಹಾಕಲಿ, ಕಳ್ಳರನ್ನು ಹಿಡಿಯಲಿ, ಆಮೇಲೆ ಮನೆಗೆ ಹೋಗಲಿ. ಓಡಿ ಸೋತ ಮಗುವಿಗೂ ಗೆದ್ದ ಮಗುವಿಗೂ ಒಂದೇ ಬಹುಮಾನ ಕೊಡುವ ಶಾಲೆ ಇಬ್ಬರಿಗೂ ಸುಳ್ಳು ಕಲಿಸುತ್ತದೆ. ಅಂಗಡಿಯಲ್ಲಿ ಗಲ್ಲಾದಲ್ಲಿ ಕೂರುವ ಹುಡುಗಿಯನ್ನು ತೆಗೆದು ಯಂತ್ರ ಇಟ್ಟವರು ಒಂದು ನಮಸ್ಕಾರವನ್ನು ಕೊಂದರು. ತಮ್ಮ ಪಕ್ಷದವರನ್ನೂ ಬಿಡುತ್ತಿರಲಿಲ್ಲ. "ಬಾವುಟದ ಚಡ್ಡಿ ಹಾಕ್ಕೊಂಡು ಈಜಾಕ ಹೋಗತಾರ, ದೇಶಭಕ್ತಿ ಅಂತಾರ. ಬರಕೋ," ಎಂದು ಒಮ್ಮೆ ಹೇಳಿದ್ದರು. "ಊರಿನ ಮೇಯರ್ ಹೆಸರು ಗೊತ್ತಿಲ್ಲ, ಪ್ರೆಸಿಡೆಂಟ ಏನು ಉಂಡ ಅನ್ನೂದೆಲ್ಲ ಗೊತ್ತು. ಬಾಜೂ ಮನಿಯಾಗ ಯಾರು ಜಡ್ಡಾಗಿ ಮಲಗ್ಯಾರ ಅಂತ ಕೇಳಿದ್ರ ಬಾಯಿ ಬಿಡತಾರ. ಕಾರಿನ್ಯಾಗ ಕುಂತು ಉಣ್ಣೋ ಜನ ದೇಶ ಹ್ಯಾಂಗ ನಡಸ್ತಾರವ್ವಾ?"

ಅವರ ಹುಲ್ಲಿನಲ್ಲಿ ಎರಡು ಬೋರ್ಡುಗಳಿದ್ದವು. ಬಲಗಡೆಯದು ಅವರದು: 'ಸಾಲಿನಲ್ಲಿ ಬನ್ನಿ'. ಈ ದೇಶಕ್ಕೆ ಬರುವವರು ಕಾನೂನಿನ ಪ್ರಕಾರ, ಪಾಳಿ ಕಾಯ್ದು ಬರಬೇಕು ಎಂದು. ಹದಿನೆಂಟು ವರ್ಷದ ಹಿಂದೆ ಊರಲ್ಲಿ ಆ ಬಗ್ಗೆ ದೊಡ್ಡ ಗಲಾಟೆಯಾದಾಗ ನೆಟ್ಟದ್ದು. ಎಡಗಡೆಯದು ಅವರ ಹೆಂಡತಿ ನೀಲಾಂಬಿಕೆಯವರದು: 'ಬಾಗಿಲು ತೆರೆಯಿರಿ'. ಇಬ್ಬರೂ ಒಂದೇ ದಿನ ನೆಟ್ಟರಂತೆ. ನೀಲಕ್ಕನಿಗೆ ಸೊಂಟನೋವಿದ್ದದ್ದರಿಂದ ಅವರ ಬೋರ್ಡಿಗೂ ಗುಂಡಿ ತೋಡಿದವರು ಡಾಕ್ಟರೇ. "ತೋಡಕೋತ ಜಗಳಾಡಿದ್ವಿ, ಜಗಳಾಡಕೋತ ತೋಡಿದ್ವಿ," ಎನ್ನುತ್ತಿದ್ದರು. ನೀಲಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಬೇಸಿಗೆಯಲ್ಲಿ ಡಾಕ್ಟರು ಎರಡೂ ಬೋರ್ಡಿನ ಬುಡಕ್ಕೆ ನೀರು ಬಿಡುವುದನ್ನು ನಾನು ನೋಡಿದ್ದೇನೆ.

'ಸಾಲಿನಲ್ಲಿ ಬನ್ನಿ' ಎಂಬ ಮಾತನ್ನು ಡಾಕ್ಟರು ನಂಬಲು ಕಾರಣವಿತ್ತು. ಮೊದಲು ಅವರೊಬ್ಬರೇ ಬಂದವರು. ನೀಲಕ್ಕನನ್ನು ಕರೆಸಿಕೊಳ್ಳಲು ಆರು ವರ್ಷ ಕಾದರು. ಆ ಆರು ವರ್ಷದಲ್ಲಿ ಧಾರವಾಡದ ಕಡೆ ಅವರ ತಂದೆ ಸತ್ತರು, ಹೋಗಲಾಗಲಿಲ್ಲ. ಹೋದರೆ ಸಾಲಿನಲ್ಲಿನ ಜಾಗ ತಪ್ಪುತ್ತಿತ್ತು. "ಯಾವನೋ ವಕೀಲ ಅಡ್ಡದಾರಿ ತೋರಿಸಿದ್ದ. ಬ್ಯಾಡ ಅಂದೆ. ನಾ ಕಾಯ್ದೀನಿ ತಂಗಿ. ಕಾಯ್ದವರಿಗೆ ಒಂದು ಮಾನ ಇರಬೇಕೋ ಬ್ಯಾಡೋ?" ಎಂದು ಅವರು ಕೇಳಿದಾಗ ನಾನು ತಲೆಯಾಡಿಸುತ್ತಿದ್ದೆ. ಸುಮ್ಮನೆ ಅಲ್ಲ, ಮನಸಾರೆ. ಆ ಮಾತು ನನಗೆ ಹಿತವಾಗುತ್ತಿತ್ತು.

ಎವರಿಸ್ಟೊನನ್ನು ನಾನು ಮೊದಲು ನೋಡಿದ್ದು ಹಾರ್ಲನ್ ಎಂಬುವನ ಡೈರಿಯಲ್ಲಿ. ಡಾಕ್ಟರು ಕೆಲಸ ಮಾಡುವ ಫೋಟೋ ಪತ್ರಿಕೆಗೆ ಬೇಕಾಗಿತ್ತು, ನಾನು ಜೊತೆಗೆ ಹೋಗಿದ್ದೆ. ಒಂದು ಹಸು ಬೆಳಗಿನಿಂದ ತಿಣುಕುತ್ತಿತ್ತು, ಕರು ಹಿಂದುಮುಂದಾಗಿತ್ತು. ಎವರಿಸ್ಟೊ ಕುಳ್ಳಗಿನ ಮನುಷ್ಯ, ನಲವತ್ತೈದು ಇರಬಹುದು. ಹದಿನೈದು ವರ್ಷದಿಂದ ಆ ಡೈರಿಯಲ್ಲಿ ಹಾಲು ಕರೆಯುತ್ತಿದ್ದ. ಅಂಗಿ ಬಿಚ್ಚಿ, ತೋಳಿಗೆ ಸೋಪು ಹಚ್ಚಿಕೊಂಡು ಹಸುವಿನ ಹಿಂದೆ ಮಂಡಿಯೂರಿದ್ದ. ಡಾಕ್ಟರ ಕೈ ನಡುಗುವುದರಿಂದ ಈಗ ಒಳಗೆ ಕೈ ಹಾಕುವುದು ಅವನೇ. ಡಾಕ್ಟರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳುವರು, ಅವನು ಹೇಳುವನು.

"ಕಾಲು ಸಿಕ್ಕಿತಾ?"

"ಒಂದು. ಇನ್ನೊಂದು ಮಡಚಿಕೊಂಡಿದೆ."

"ಎಳೀಬೇಡ. ಹಿಂದಕ್ಕೆ ತಳ್ಳು, ಆಮೇಲೆ ತಿರುಗಿಸು."

ಇಬ್ಬರೂ ಒಂದೇ ದೇಹದ ಹಾಗೆ ಕೆಲಸ ಮಾಡಿದರು. ಮುಕ್ಕಾಲು ಗಂಟೆಯ ಮೇಲೆ ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಎವರಿಸ್ಟೊ ಅದರ ಮೂಗಿನ ಲೋಳೆಯನ್ನು ಬೆರಳಿನಿಂದ ತೆಗೆದು, ಒಂದು ಹುಲ್ಲುಕಡ್ಡಿಯಿಂದ ಮೂಗಿಗೆ ಕಚಗುಳಿಯಿಟ್ಟ. ಅದು ಸೀನಿತು. ಡಾಕ್ಟರು ನಕ್ಕರು. ಕೈ ತೊಳೆಯುವಾಗ ಅವರು ಅವನಿಗೆ ಹೇಳಿದ್ದು ನನಗೆ ಸರಿಯಾಗಿ ನೆನಪಿದೆ. "ನೀನು ಬಂದ ದಾರಿ ತಪ್ಪು ಎವರಿಸ್ಟೊ. ಈ ವಾರವೂ ಅದನ್ನೇ ಬರೆದಿದ್ದೇನೆ. ನಿನ್ನ ಬೆನ್ನ ಹಿಂದೆ ಬರೆದೆ ಅಂತ ಆಗಬಾರದು, ಅದಕ್ಕೆ ಹೇಳ್ತಿದ್ದೇನೆ."

"ಗೊತ್ತು ಡಾಕ್ಟರ್," ಎಂದ ಎವರಿಸ್ಟೊ. "ಟವೆಲ್ ಆ ಕಡೆ ಇದೆ, ತಗೊಳ್ಳಿ."

ನವೆಂಬರಿನಲ್ಲಿ ಪರವಾನಗಿಯ ಕಾಗದ ನೋಡುವ ಸರ್ಕಾರದವರು ಬಂದರು. ಎರಡು ಬಿಳಿ ವ್ಯಾನುಗಳು. ಹಾರ್ಲನ್‌ನ ಡೈರಿಯಿಂದ ನಾಲ್ಕು ಜನರನ್ನು ಕರೆದುಕೊಂಡು ಹೋದರು. ಮೂವರು ಹೊಸಬರು, ಅವರನ್ನು ಆ ವಾರವೇ ಅವರ ದೇಶಕ್ಕೆ ಕಳಿಸಿಬಿಟ್ಟರು. ಎವರಿಸ್ಟೊ ಹಳಬನಾದ್ದರಿಂದ ಅವನಿಗೆ ನ್ಯಾಯಾಧೀಶರ ಮುಂದೆ ಒಂದು ಅವಕಾಶವಿತ್ತು. ಹಾಲು ಕರೆಯುವವರಿಲ್ಲದೆ ಆ ದಿನ ಹಸುಗಳು ಕೆಚ್ಚಲು ಬಾತು ಕೂಗುತ್ತಿದ್ದದ್ದು ಹೆದ್ದಾರಿಯವರೆಗೂ ಕೇಳಿಸುತ್ತಿತ್ತು. ಡಾಕ್ಟರು ಹೋಗಿ ಸಂಜೆಯವರೆಗೆ ಯಂತ್ರ ಹಚ್ಚಿ ಬಂದರು.

ಅದರ ಮರುದಿನವೇ ಗುರುವಾರ. ನಾನು ಡಾಕ್ಟರ ಮನೆಯಲ್ಲಿದ್ದಾಗ ಎವರಿಸ್ಟೊನ ಹೆಂಡತಿ ಲುಸಿಂಡಾ ಬಾಗಿಲು ತಟ್ಟಿದಳು. ಡೈರಿಯ ಹಿಂದಿನ ಟ್ರೇಲರ್ ಮನೆಯಲ್ಲಿ ಇಬ್ಬರೇ ಇದ್ದರು, ಮಕ್ಕಳಿರಲಿಲ್ಲ. ಅವಳು ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ ಹೇಳಿದಳು.

"ವಕೀಲಮ್ಮ ಹೇಳಿದರು, ಊರಿನವರು ಕಾಗದ ಬರೆದುಕೊಡಬೇಕು ಅಂತ. ಅವನು ಒಳ್ಳೆಯವನು ಅಂತ ಬರೆದರೆ ಸಾಲದಂತೆ. ಅವನು ಇಲ್ಲೇ ಇರಬೇಕು ಅಂತ ಕೊನೆಗೆ ಬರೆಯಬೇಕಂತೆ. ಹಾರ್ಲನ್ ಬರೆಯಲ್ಲ ಅಂದ, ಅವನಿಗೆ ದಂಡ ಬೀಳುತ್ತಂತೆ. ನೀವು ಬರೀತೀರಾ ಡಾಕ್ಟರ್? ಕೋರ್ಟಿನವರು ನಿಮ್ಮ ಅಂಕಣ ಓದುತ್ತಾರೆ."

ಡಾಕ್ಟರು ಕಿಟಕಿಯಿಂದ ತಮ್ಮ ಬೋರ್ಡಿನ ಕಡೆ ನೋಡಿದರು. "ಬರೆಯುತ್ತೇನೆ," ಎಂದರು. "ಆದರೆ ಹುಲ್ಲು ನೋಡೋಕೆ ಬರುತ್ತಾರೆ, ಗೊತ್ತಲ್ಲ?"

"ಇನ್ನೂ ಒಂಬತ್ತು ದಿನ ಇದೆ," ಎಂದಳು ಲುಸಿಂಡಾ. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ತಿಳಿಯಿತು. ಒಂಬತ್ತು ದಿನದಲ್ಲಿ ನಿಮ್ಮ ಮನಸ್ಸು ಬದಲಾಗಬಹುದು ಎಂದು ಅವಳು ಕೇಳಿಕೊಳ್ಳುತ್ತಿದ್ದಳು.

ಆಮೇಲೆ ನನ್ನ ಕಡೆ ತಿರುಗಿದಳು. "ನೀವೂ ಒಂದು ಬರೆಯಿರಿ ಅಮ್ಮಾ. ಆವತ್ತು ಕರು ಹುಟ್ಟಿದಾಗ ನೀವು ಇದ್ದಿರಿ. ನಿಮ್ಮ ಹುಲ್ಲಲ್ಲಿ ಏನೂ ಇಲ್ಲ."

"ನಮ್ಮ ಯಜಮಾನರ ಹತ್ತಿರ ಒಂದು ಮಾತು ಕೇಳಬೇಕು," ಎಂದೆ.

ಮನೆಗೆ ಬಂದು ಕೇಳಿದೆ. ರಘು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ. ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿ ಕೂತ. ಅವನು ಕೆಟ್ಟವನಲ್ಲ. ಕೂಗಾಡಲಿಲ್ಲ.

"ನಮ್ಮ ಫೈಲು ಯಾವ ಟೇಬಲ್ ಮೇಲಿದೆ ಅಂತ ನಿಂಗೆ ಗೊತ್ತಾ ಮಂದಾ? ನಂಗೂ ಗೊತ್ತಿಲ್ಲ. ಎವರಿಸ್ಟೊ ಫೈಲಿನ ಪಕ್ಕದಲ್ಲೇ ಇರಬಹುದು. ಒಂಬತ್ತು ವರ್ಷ ಕಾದಿದೀವಿ. ನಾಳೆ ಯಾರೋ ಒಬ್ಬ ನಿನ್ನ ಹೆಸರು ಆ ಕಾಗದದಲ್ಲಿ ನೋಡಿ ಗುರುತು ಹಾಕ್ಕೊಂಡ ಅಂದ್ರೆ?"

"ಏನೂ ಆಗಲ್ವೇನೋ."

"ಆಗದೇ ಇರಬಹುದು. ಬರೀಬೇಡ ಅಂತ ನಾನು ಹೇಳಲ್ಲ. ನೀನೇ ಯೋಚ್ನೆ ಮಾಡು."

ಹಾಗೆ ಅಂದಿದ್ದೇ ನನಗೆ ಕಷ್ಟವಾಯಿತು. ಬೇಡ ಅಂದಿದ್ದರೆ ಅವನ ಮೇಲೆ ಹಾಕಿ ಮುಗಿಸಬಹುದಿತ್ತು. ನಾನು ಯೋಚನೆ ಮಾಡಿದೆ. ಯೋಚಿಸಿದಾಗಲೆಲ್ಲ ಭಯದ ಕೆಳಗೆ ಇನ್ನೊಂದು ವಿಷಯವಿರುವುದು ಕಾಣುತ್ತಿತ್ತು. ನನ್ನ ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ನಾನು ಹೋಗಿರಲಿಲ್ಲ. ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದ್ದೆ. ಎಲ್ಲ ಆ ಸಾಲಿಗಾಗಿ. ಎವರಿಸ್ಟೊ ಒಂದು ದಿನವೂ ಆ ಸಾಲಿನಲ್ಲಿ ನಿಂತಿರಲಿಲ್ಲ. ನಾನೊಂದು ಬೋರ್ಡು ನೆಟ್ಟಿದ್ದರೆ ಅದರ ಮೇಲೆ ಏನು ಬರೆಯುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಡಾಕ್ಟರ ಬೋರ್ಡಿಗೆ ಅದು ಏನೂ ಬೇರೆಯಾಗಿರುತ್ತಿರಲಿಲ್ಲ. ನನ್ನದು ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೆ.

ಶುಕ್ರವಾರ ಡಾಕ್ಟರು ನನ್ನನ್ನು ಕರೆಸಿ ಕಾಗದ ಹೇಳಿದರು. ಅವರು ಹೇಳಿ ನಾನು ಟೈಪ್ ಮಾಡಿದ ಬರಹಗಳಲ್ಲೆಲ್ಲ ಅದೇ ಒಳ್ಳೆಯದು. ಅಭಿಪ್ರಾಯ ಒಂದೂ ಇರಲಿಲ್ಲ. ಹದಿನೈದು ವರ್ಷದಲ್ಲಿ ಆ ಮನುಷ್ಯ ಏನು ಮಾಡಿದ ಎನ್ನುವುದು ಮಾತ್ರ. ಹಿಮ ಬಿದ್ದು ರಸ್ತೆ ಮುಚ್ಚಿದ ವರ್ಷ ಮೂರು ದಿನ ಡೈರಿಯಲ್ಲೇ ಮಲಗಿ ಇನ್ನೂರು ಹಸುಗಳಿಗೆ ಮೇವು ಹಾಕಿದ್ದು. ಕುರುಡು ಹಸುವೊಂದಕ್ಕೆ ದಾರಿ ಗೊತ್ತಾಗಲಿ ಎಂದು ತನ್ನ ಬೂಟಿಗೆ ಗೆಜ್ಜೆ ಕಟ್ಟಿಕೊಂಡು ನಡೆಯುತ್ತಿದ್ದದ್ದು. ನೀಲಕ್ಕ ಸತ್ತ ದಿನ ಕೊಟ್ಟಿಗೆಯ ಬಟ್ಟೆಯಲ್ಲೇ ಬಂದು ಹೊರಗೆ ನಿಂತಿದ್ದದ್ದು, ಒಳಗೆ ಬಾ ಎಂದರೂ ಬಾರದೆ. ಅವರು ನಿಧಾನವಾಗಿ ಹೇಳಿದರು. ಕೊನೆಯ ವಾಕ್ಯವೊಂದು ಉಳಿಯಿತು.

"ಈಗ ಆ ಸಾಲು ಬರಕೋ," ಎಂದರು. "ಇವನು ಇಲ್ಲಿಯೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ."

ನಾನು ಟೈಪ್ ಮಾಡಲಿಲ್ಲ. "ಡಾಕ್ಟ್ರೇ, ಅದು ನಿಜವಾ?"

"ಆಗಬೇಕು," ಎಂದರು. "ಎಂಟು ದಿನ ಐತಿ. ಬರಕೋ ನೀ."

ಆ ಎಂಟು ದಿನ ಅವರು ಮನಸ್ಸು ಬದಲಾಯಿಸಲು ಮಾಡಿದ ಪ್ರಯತ್ನವನ್ನು ನೋಡುವುದು ಕಷ್ಟವಾಗಿತ್ತು. ನಾನು ದಿನಕ್ಕೊಮ್ಮೆ ಹೋಗಿ ಊಟ ಕೊಟ್ಟು ಬರುತ್ತಿದ್ದೆ. ನೀಲಕ್ಕ ಗೆರೆ ಎಳೆದು ಓದಿದ್ದ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಓದುತ್ತಿದ್ದರು. ಎದುರು ಪಕ್ಷದವರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದರು; ಅಲ್ಲಿ ಒಬ್ಬ ಅವರ ಕೈ ಕುಲುಕಲಿಲ್ಲ, ಇನ್ನೊಬ್ಬಳು ಯಾರದೋ ಕಡೆಯಿಂದ ಗೂಢಚಾರಿಕೆಗೆ ಬಂದಿರಾ ಎಂದು ಕೇಳಿದಳಂತೆ. ಎವರಿಸ್ಟೊನನ್ನು ಇಟ್ಟಿದ್ದ ಜಾಗಕ್ಕೆ ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ಗಾಜಿನ ಈಚೆಯಿಂದ ಮಾತಾಡಿ ಬಂದರು. ಬಂದವರು ಅಡುಗೆಮನೆಯ ಮೇಜಿಗೆ ತಲೆಯಾನಿಸಿ ಕೂತಿದ್ದರು.

"ಅಂವನ್ನ ನೋಡಿದ್ರ ಕರುಳು ಕಿತ್ತು ಬರತೈತಿ ತಂಗಿ," ಎಂದರು. "ಏನ್ ಬೇಕಾದ್ರೂ ಕೊಡತೀನಿ, ಈ ಮನಿ ಬೇಕಾದ್ರೂ ಕೊಡತೀನಿ. ಆದ್ರ ಅಂವಾ ಮಾಡಿದ್ದು ಸರಿ ಅಂತ ಒಳಗಿಂದ ಬರವಲ್ದು. ಬರಬೇಕಂತ ಕುಂತೀನಿ, ಬರವಲ್ದು. ನಮ್ಮಪ್ಪನ ಮಾರಿ ಮುಂದ ಬರತೈತಿ. ಅಂವಾ ಸರಿ ಅಂದ್ರ, ನಾ ಅಪ್ಪನ ಮಣ್ಣಿಗೆ ಹೋಗದ ಕುಂತದ್ದು ಏನು? ಹುಚ್ಚತನಾ?"

ನಾನು ಸಾರಿನ ಪಾತ್ರೆ ತೊಳೆದಿಟ್ಟೆ.

ಏಳನೆಯ ದಿನ ಬೆಳಿಗ್ಗೆ ಹೋದಾಗ ಅವರು ಹುಲ್ಲಿನಲ್ಲಿದ್ದರು. ತಮ್ಮ ಬೋರ್ಡಿನ ಕಾಲನ್ನು ಎರಡೂ ಕೈಯಿಂದ ಹಿಡಿದು, ಎದೆ ಕೊಟ್ಟು ಅಲುಗಾಡಿಸುತ್ತಿದ್ದರು. ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಎದುರು ಮನೆಯವರು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ನಾನು ಹೋಗಿ ತೋಳು ಹಿಡಿದುಕೊಂಡೆ. ಅಂಗೈ ಸುಲಿದು ರಕ್ತ ಬಂದಿತ್ತು. ಒಳಗೆ ಕರೆದುಕೊಂಡು ಹೋಗಿ ಅವರದೇ ದನದ ಔಷಧಿಯ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಕಟ್ಟಿದೆ.

ಕೋರ್ಟಿನಿಂದ ಬಂದವಳು ನಡುವಯಸ್ಸಿನ ಸೌಮ್ಯ ಹೆಂಗಸು. ಶನಿವಾರ ಹತ್ತು ಗಂಟೆಗೆ ಬಂದಳು. ನಾನೂ ಅಲ್ಲಿದ್ದೆ. ಹುಲ್ಲು ತುಳಿಯುವ ಮೊದಲು ಅನುಮತಿ ಕೇಳಿದಳು. 'ಸಾಲಿನಲ್ಲಿ ಬನ್ನಿ' ಬೋರ್ಡಿನ ಬಳಿ ಬಗ್ಗಿ, ಬುಡವನ್ನು ನೋಡಿ, ಬೆರಳ ಗಂಟಿನಿಂದ ಎರಡು ಸಲ ತಟ್ಟಿದಳು. ಮರ ಹಸಿಯಾಗಿ, ಗಟ್ಟಿಯಾಗಿ ಸದ್ದು ಮಾಡಿತು. ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಬರೆದಳು.

"ಇನ್ನೊಂದು ಬೋರ್ಡೂ ಇದೆ," ಎಂದರು ಡಾಕ್ಟರು. ಅವರ ಧ್ವನಿ ಕೇಳಿ ನನಗೆ ಸಂಕಟವಾಯಿತು.

"ಅದು ನಿಮ್ಮ ಹೆಂಡತಿಯವರದ್ದು ಅಂತ ನಮ್ಮಲ್ಲಿ ದಾಖಲೆ ಇದೆ, ಸರ್. ಅವರು ಕಾಗದ ಬರೆದಿಲ್ಲ."

"ನಾನು ಬರೆದ ಕಾಗದದಲ್ಲಿ ಒಂದು ವಾಕ್ಯ ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಕಣ್ಣಾರೆ ಕಂಡದ್ದು."

"ನಾನು ನಂಬುತ್ತೇನೆ. ಆದರೆ ನ್ಯಾಯಾಧೀಶರು ನೋಡುವುದು ಆ ವಾಕ್ಯವನ್ನೇ." ಅವಳು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಳು. ಹೊರಡುವ ಮುಂಚೆ ನಿಂತು, ನಿಜವಾದ ಬೇಸರದಿಂದಲೇ ಹೇಳಿದಳು, "ಇಷ್ಟು ದೊಡ್ಡ ಊರಲ್ಲಿ ಬೇರೆ ಯಾರೂ ಬರೆಯಲಿಲ್ಲವಾ? ಬೋರ್ಡಿಲ್ಲದವರು ಯಾರಾದರೂ ಒಬ್ಬರು ಬರೆದಿದ್ದರೂ ಸಾಕಿತ್ತು. ಅಲ್ಲಿ ನಾನು ನೋಡೋಕೆ ಏನೂ ಇರುತ್ತಿರಲಿಲ್ಲ. ಕಾಗದವನ್ನು ಹಾಗೇ ಒಪ್ಪಿಕೊಳ್ಳಬೇಕಾಗಿತ್ತು."

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಅವರು ಪ್ರಯತ್ನ ಪಡುತ್ತಿದ್ದಾರೆ ಎಂದು ನನಗನ್ನಿಸಿತು. ಪಟ್ಟಿ ಕಟ್ಟಿದ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಅವಳ ಕಾರು ತಿರುವು ದಾಟುವವರೆಗೂ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು.

ಸೋಮವಾರ ವಿಚಾರಣೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಬುಧವಾರ ಎವರಿಸ್ಟೊನನ್ನು ವಿಮಾನ ಹತ್ತಿಸಿದರು.

ಊರು ಡಾಕ್ಟರನ್ನು ಎರಡೂ ಕಡೆಯಿಂದ ಹೊಡೆಯಿತು. ಮೂವತ್ತು ವರ್ಷ ನಮಗೆ ಉಪದೇಶ ಮಾಡಿ ಕೊನೆಗೆ ಮೆತ್ತಗಾದರು ಎಂದು ಅವರ ಪಕ್ಷದವರು ಬರೆದರು. ಬರೆದದ್ದೊಂದು ನಂಬಿದ್ದೊಂದು, ಕಪಟಿ ಎಂದು ಇನ್ನೊಂದು ಕಡೆಯವರು ಬರೆದರು. ಆ ಕಾಗದಗಳನ್ನೆಲ್ಲ ಟೈಪ್ ಮಾಡಿದವಳು ನಾನೇ. ಆ ವಾರ ಡಾಕ್ಟರು ಅಂಕಣಕ್ಕೆ ನಾಲ್ಕೇ ಸಾಲು ಹೇಳಿದರು. "ನಾನು ಕೋರ್ಟಿಗೆ ಒಂದು ಸುಳ್ಳು ವಾಕ್ಯ ಬರೆದುಕೊಟ್ಟೆ. ಅದು ತಪ್ಪು. ಅದು ನಿಜವಾಗಲಿ ಎಂದು ಪ್ರಯತ್ನಪಟ್ಟೆ, ಆಗಲಿಲ್ಲ. ಎವರಿಸ್ಟೊ ಎಂಬ ಒಳ್ಳೆಯ ದನಗಾಹಿ ಈ ಊರಿನಿಂದ ಹೋದ." ಸಂಪಾದಕರು ಮಿಕ್ಕ ಜಾಗಕ್ಕೆ ಟೈರಿನ ಜಾಹೀರಾತು ಹಾಕಿದರು.

ಡಿಸೆಂಬರ್ ಮೊದಲ ವಾರ ಲುಸಿಂಡಾಳೂ ಹೊರಟಳು. ಅವಳನ್ನು ಯಾರೂ ಕಳಿಸಿರಲಿಲ್ಲ, ಟ್ರೇಲರಿನಲ್ಲಿ ಒಬ್ಬಳೇ ಇರಲಾರೆ ಎಂದಳು. ಅವಳನ್ನು ಬಸ್ಸಿಗೆ ಬಿಡಲು ಡಾಕ್ಟರು ನನ್ನನ್ನು ಕೇಳಿದರು; ಅವರ ಕೈಯಿನ್ನೂ ಸ್ಟೇರಿಂಗ್ ಹಿಡಿಯುವಂತಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಬಸ್ಸು ನಿಲ್ಲುವ ಜಾಗ. ಮೂರು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ. ಚಳಿಯಲ್ಲಿ ಮೂವರೂ ಬೆಂಚಿನ ಮೇಲೆ ಕೂತೆವು. ಲುಸಿಂಡಾ ಕೈಚೀಲದಿಂದ ಮಡಚಿದ ಹಾಳೆಗಳನ್ನು ತೆಗೆದಳು. ಅದು ಡಾಕ್ಟರ ಕಾಗದ. ವಕೀಲಮ್ಮ ಪ್ರತಿ ಕೊಟ್ಟಿದ್ದಳು.

"ಎವರಿಸ್ಟೊ ಫೋನಿನಲ್ಲಿ ಹೇಳಿದ, ಇದನ್ನು ಮರೆಯದೆ ತಗೊಂಡು ಬಾ ಅಂತ. ಅವನ ಬಗ್ಗೆ ಯಾರೂ ಯಾವತ್ತೂ ಬರೆದಿರಲಿಲ್ಲ. ನನಗೆ ಓದೋಕೆ ಬರಲ್ಲ. ಏನಿದೆ ಅಂತ ಓದಿ ಹೇಳ್ತೀರಾ?"

ನಾನು ಓದಿದೆ. ನಿಧಾನವಾಗಿ, ಅವಳಿಗೆ ಗೊತ್ತಿರುವ ಪದಗಳಲ್ಲಿ. ಹಿಮದ ಮೂರು ದಿನ. ಕುರುಡು ಹಸು, ಬೂಟಿನ ಗೆಜ್ಜೆ. ಗೆಜ್ಜೆಯ ಮಾತು ಬಂದಾಗ ಅವಳು ನಕ್ಕಳು, ಆ ಗೆಜ್ಜೆ ತಾನೇ ಹೊಲಿದುಕೊಟ್ಟದ್ದು ಎಂದಳು. ಕೊನೆಯ ವಾಕ್ಯಕ್ಕೆ ಬಂದಾಗ ನಾನು ನಿಲ್ಲಿಸಿದೆ. ಡಾಕ್ಟರು ದೂರದ ರಸ್ತೆ ನೋಡುತ್ತಿದ್ದರು.

"ಅದನ್ನೂ ಓದು," ಎಂದರು ಕನ್ನಡದಲ್ಲಿ. ಓದಿದೆ.

ಲುಸಿಂಡಾ ಹಾಳೆಗಳನ್ನು ಮೊದಲಿನಂತೆಯೇ ಮಡಚಿದಳು. "ಇದನ್ನು ಬರೆಯೋಕೆ ನಿಮಗೆ ಕಷ್ಟವಾಯಿತು," ಎಂದು ಡಾಕ್ಟರಿಗೆ ಹೇಳಿದಳು. "ಎವರಿಸ್ಟೊಗೆ ಹೇಳ್ತೇನೆ. ಅವನು ಬೇಜಾರು ಮಾಡಿಕೊಂಡಿಲ್ಲ. ಡಾಕ್ಟರು ಯಾವತ್ತೂ ಮುಖದ ಮೇಲೇ ಹೇಳಿದರು ಅಂತಾನೆ." ಬಸ್ಸು ಬಂದಾಗ ಅವಳು ಅವರ ಎರಡೂ ಕೈಗಳನ್ನು, ಪಟ್ಟಿ ಕಟ್ಟಿದ್ದ ಕೈಗಳನ್ನು, ಮೆಲ್ಲಗೆ ಹಿಡಿದುಕೊಂಡಳು. ನನಗೆ ಸೂಟ್‌ಕೇಸು ಎತ್ತಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಏಪ್ರಿಲಿನಲ್ಲಿ ನಮ್ಮ ಕಾಗದ ಬಂತು. ದಪ್ಪ ಲಕೋಟೆ. ರಘು ಬಾಗಿಲಲ್ಲೇ ಒಡೆದು ಓದಿ, ನೆಲದ ಮೇಲೆ ಕೂತುಬಿಟ್ಟ. ನಾನು ಅಮ್ಮನಿಗೆ ಫೋನು ಮಾಡಿದೆ, ಅವಳು ಆ ಕಡೆಯಿಂದ ಅತ್ತಳು. ನಾನೂ ಅತ್ತೆ. ಸಂತೋಷವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಸಂತೋಷವಾಯಿತು. ಸಂಜೆ ಶಾವಿಗೆ ಪಾಯಸ ಮಾಡಿ ಡಬ್ಬಿಗೆ ಹಾಕಿಕೊಂಡು ಡಾಕ್ಟರ ಮನೆಗೆ ಹೋದೆ. ರಘು ಕಾರಿನಲ್ಲೇ ಕೂತಿದ್ದ. ನೀನು ಹೇಳಿ ಬಾ, ನಿನಗೇ ಹೆಚ್ಚು ಹತ್ತಿರದವರು ಎಂದ.

ಆ ಚಳಿಗಾಲದಲ್ಲಿ ಡಾಕ್ಟರು ಬಹಳ ಇಳಿದುಹೋಗಿದ್ದರು. ಎವರಿಸ್ಟೊನ ಕೈಯಿಲ್ಲದೆ ಅವರ ಕೆಲಸವೂ ನಿಂತಂತೆಯೇ ಆಗಿತ್ತು. ಹಾರ್ಲನ್ ಅರ್ಧ ಹಸುಗಳನ್ನು ಮಾರಿದ್ದ. ಸುದ್ದಿ ಹೇಳಿದಾಗ ಅವರು ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟರು.

"ಚಲೋ ಆತು. ಕಾಯ್ದಿ, ಸಿಕ್ತು. ಹಿಂಗ ಆಗಬೇಕು," ಎಂದರು. ಮತ್ತೆ ಇನ್ನೊಮ್ಮೆ, ಯಾರಿಗೋ ಒಪ್ಪಿಸುವವರ ಹಾಗೆ, "ಹಿಂಗ ಆಗಬೇಕು," ಎಂದರು.

ಪಾಯಸ ಬಟ್ಟಲಿಗೆ ಹಾಕಿಕೊಟ್ಟೆ. ತಿಂದರು. ನಾನು ಎದುರಿಗೆ ಕೂತು ಕಾಯುತ್ತಿದ್ದೆ. ನೀ ಯಾಕ ಬರೀಲಿಲ್ಲ ಎಂದು ಅವರು ಕೇಳಲೇಬೇಕಿತ್ತು. ಆ ಹೆಂಗಸು ಹುಲ್ಲಿನ ಮೇಲೆ ನಿಂತು ಹೇಳಿ ಹೋದ ದಿನದಿಂದ ಅದಕ್ಕೇ ಕಾಯುತ್ತಿದ್ದೆ. ಅವರು ಕೇಳಿದರೆ ಉತ್ತರ ಇಟ್ಟುಕೊಂಡಿದ್ದೆ. ಭಯ ಎಂದು ಹೇಳುತ್ತಿರಲಿಲ್ಲ, ಅದರ ಕೆಳಗಿದ್ದದ್ದನ್ನೇ ಹೇಳುತ್ತಿದ್ದೆ. ಅವರೊಬ್ಬರಿಗೆ ಅದು ಅರ್ಥವಾಗುತ್ತಿತ್ತು.

ಬಟ್ಟಲು ಖಾಲಿಯಾಯಿತು. ಅವರು ಅದನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು.

"ಗಂಡ ಕಾರಿನ್ಯಾಗ ಕುಂತಾನಲ್ಲ, ಹೋಗು ತಂಗಿ," ಎಂದರು. "ಥಂಡಿ ಐತಿ."

ನಾನು ಡಬ್ಬಿ ತೊಳೆದುಕೊಂಡು ಹೊರಗೆ ಬಂದೆ. ರಘು ಎಂಜಿನ್ ಶುರು ಮಾಡಿ, "ಏನಂದ್ರು?" ಎಂದು ಕೇಳಿದ.

"ಚೆನ್ನಾಗಾಯ್ತು ಅಂದ್ರು," ಎಂದೆ.